ಹೀಬ್ರೂ ವ್ಯಾಕರಣವೂ ಯುರೋಪಿನ ವಿದ್ಯಾಭ್ಯುದಯವೂ

ವೇದಕ್ಕೆ ಆರು ಅಂಗಗಳೆಂದೂ, ಅವುಗಳಲ್ಲಿ ವ್ಯಾಕರಣವು ಮುಖಸ್ಥಾನದಲ್ಲಿರತಕ್ಕದ್ದೆಂದೂ ಹೇಳುವ ಸಂಪ್ರದಾಯವು ಭರತಖಂಡದಲ್ಲಿ ಬಹು ಪ್ರಾಚೀನವಾದುದು. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣದ ಪ್ರಯೋಜನಗಳನ್ನು ಎಣಿಸುವಾಗ ವೇದರಕ್ಷಣೆಯನ್ನೇ ಮೊದಲು ಹೇಳಿದನು. ಮನುಷ್ಯನು ತನ್ನ ತಾಯಿನುಡಿಯನ್ನು ವ್ಯಾಕರಣದ ಸಹಾಯವಿಲ್ಲದೆಯೇ ಕಲಿಯುತ್ತಾನೆ. ಹಿರಿಯರಿಂದ ಬಂದ ಪವಿತ್ರಗ್ರಂಥದ ಮಾತು ದಿನಬಳಕೆಯ ಮಾತಿನಿಂದ ದೂರ ಸರಿದು, ಒಂದು ಸ್ವರ ತಪ್ಪಿದರೆ ಅರ್ಥವೇ ಕೆಡುವುದೆಂಬ ಭಯ ಹುಟ್ಟಿದಾಗ ಮಾತ್ರ ಅವನು ಪದಗಳನ್ನು ಬಿಡಿಸಿ ನೋಡಲು ತೊಡಗುತ್ತಾನೆ. ಈ ಮಾತು ಆರ್ಯಾವರ್ತಕ್ಕೆ ಮಾತ್ರ ಸಲ್ಲುವುದಲ್ಲ. ಯೆಹೂದ್ಯರೂ ಕ್ರೈಸ್ತರೂ ವ್ಯಾಕರಣವನ್ನು ಕಲಿತ ಕಥೆಯೂ ಇದೇ ಬಗೆಯದು. ಆ ಕಥೆಯಲ್ಲಿ ಕಣ್ಣು ಕೆಡಿಸಿಕೊಂಡ ವಿದ್ಯಾರ್ಥಿಗಳಿದ್ದಾರೆ; ರಾಜಾಜ್ಞೆಯಿಂದ ನಾಶವಾಗಲಿದ್ದ ಗ್ರಂಥರಾಶಿಯಿದೆ; ಕಡೆಗೆ ಮಂಗಳೂರಿನ ಒಂದು ಮುದ್ರಣಾಲಯವೂ ಇದೆ.

ಬೈಬಲ್ಲು ಒಂದೇ ಭಾಷೆಯ ಗ್ರಂಥವಲ್ಲ. ಅದರ ಹಳೆಯ ಒಡಂಬಡಿಕೆಯು ಹೀಬ್ರೂ, ಎಂದರೆ ಇಬ್ರಿಯ, ಭಾಷೆಯಲ್ಲಿದೆ. ದಾನಿಯೇಲ, ಎಜ್ರ ಮೊದಲಾದ ಪುಸ್ತಕಗಳ ಕೆಲವು ಭಾಗಗಳು ಅರಮೇಯಿಕ್ ಭಾಷೆಯಲ್ಲಿವೆ. ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯಲ್ಲಿದೆ. ಆದರೆ ಪಶ್ಚಿಮ ಯುರೋಪಿನ ಜನರು ಸಾವಿರ ವರ್ಷಗಳಿಗೂ ಮೀರಿದ ಕಾಲ ಇವೆಲ್ಲವನ್ನೂ ಲ್ಯಾಟಿನ್ ಭಾಷೆಯಲ್ಲಿಯೇ ಓದುತ್ತಿದ್ದರು. ಆ ಲ್ಯಾಟಿನ್ ಬೈಬಲ್ಲಿನ ಬಹುಭಾಗವನ್ನು ಸಿದ್ಧಪಡಿಸಿದವನು ಜೆರೋಮನೆಂಬ ಸಂನ್ಯಾಸಿ.

ಜೆರೋಮನು ರೋಮಿನಲ್ಲಿ ವ್ಯಾಕರಣವನ್ನು ಕಲಿತದ್ದು ದೊನಾತುಸನೆಂಬ ಪ್ರಸಿದ್ಧ ಪಂಡಿತನಲ್ಲಿ. ಪದಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಿ ಪ್ರಶ್ನೋತ್ತರರೂಪವಾಗಿ ಬೋಧಿಸುವ ಆತನ ಚಿಕ್ಕ ಪುಸ್ತಕವು ಮುಂದೆ ಯುರೋಪಿನ ಮಕ್ಕಳ ಬಾಲಬೋಧೆಯಾಯಿತು. ಕೆಲವು ದೇಶಭಾಷೆಗಳಲ್ಲಿ ವ್ಯಾಕರಣದ ಮೊದಲ ಪುಸ್ತಕಕ್ಕೆ ಆತನ ಹೆಸರೇ ನಿಂತಿತು. ಸಿಸಿರೋವಿನ ಸುಲಲಿತವಾದ ಲ್ಯಾಟಿನ್ನಿನಲ್ಲಿ ಬೆಳೆದ ಶಿಷ್ಯನು ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಸಿರಿಯಾದ ಮರುಭೂಮಿಗೆ ತಪಸ್ಸಿಗೆಂದು ಹೋದನು. ಅಲ್ಲಿ ಯೌವನದ ಚಿತ್ತಚಾಂಚಲ್ಯವನ್ನು ನಿಗ್ರಹಿಸಲು ಉಪವಾಸವು ಸಾಲದೆ, ಕ್ರೈಸ್ತಮತವನ್ನು ಸೇರಿದ್ದ ಯೆಹೂದ್ಯನೊಬ್ಬನಿಂದ ಹೀಬ್ರೂ ಅಕ್ಷರಾಭ್ಯಾಸವನ್ನು ಆರಂಭಿಸಿದನು. ಆ ಭಾಷೆಯ ಕಂಠ್ಯಧ್ವನಿಗಳೂ ಊಷ್ಮಗಳೂ ತನಗೆ ಎಷ್ಟು ಕರ್ಕಶವಾಗಿ ಕೇಳಿಸಿದುವೆಂಬುದನ್ನೂ, ಎಷ್ಟು ಸಲ ಹತಾಶನಾಗಿ ಪಾಠವನ್ನು ಬಿಟ್ಟು ಮತ್ತೆ ಹಿಡಿದನೆಂಬುದನ್ನೂ ಅವನು ಮುದಿತನದಲ್ಲಿ ಪತ್ರವೊಂದರಲ್ಲಿ ನೆನೆದಿದ್ದಾನೆ. ಮುಂದೆ ೩೮೬ರಲ್ಲಿ ಬೆತ್ಲೆಹೇಮಿನಲ್ಲಿ ನೆಲಸಿದ ಮೇಲೆ ಯೆಹೂದ್ಯಗುರುವೊಬ್ಬನು ಸ್ವಜನರಿಗೆ ಅಂಜಿ ರಾತ್ರಿಯ ಹೊತ್ತಿನಲ್ಲಿ ಬಂದು ಅವನಿಗೆ ಪಾಠ ಹೇಳುತ್ತಿದ್ದನು.

ಹೀಗೆ ಕಷ್ಟಪಟ್ಟು ಕಲಿತದ್ದಕ್ಕೆ ಜನರಿಂದ ದೊರೆತ ಪ್ರತಿಫಲವು ಸ್ತುತಿಯೊಂದೇ ಆಗಿರಲಿಲ್ಲ. ಯೋನನೆಂಬ ಪ್ರವಾದಿಯ ಕಥೆಯಲ್ಲಿ ನೆರಳು ಕೊಟ್ಟ ಗಿಡವೊಂದಿದೆ. ಹಳೆಯ ಲ್ಯಾಟಿನ್ ಪಾಠದಲ್ಲಿ ಅದು ಸೋರೆಬಳ್ಳಿಯಾಗಿದ್ದಿತು. ಮೂಲದ ಪದವು ಹರಳುಗಿಡದಂತಹ ಸಸ್ಯವನ್ನು ಸೂಚಿಸುವುದೆಂದು ತಿಳಿದಿದ್ದ ಜೆರೋಮನು, ಅದಕ್ಕೆ ಲ್ಯಾಟಿನ್ನಿನಲ್ಲಿ ಸರಿಯಾದ ಹೆಸರಿಲ್ಲದುದರಿಂದ, ಬೇರೊಂದು ಬಳ್ಳಿಯ ಹೆಸರನ್ನಿಟ್ಟನು. ಆಫ್ರಿಕದ ಉತ್ತರತೀರದ ಒಂದು ಊರಿನಲ್ಲಿ ಈ ಹೊಸ ಪಾಠವನ್ನು ಓದಿದಾಗ ಸಭೆಯಲ್ಲಿ ಗದ್ದಲವೆದ್ದು, ಅಲ್ಲಿಯ ಬಿಷಪ್ಪನು ತನ್ನ ಸ್ಥಾನವನ್ನೇ ಕಳೆದುಕೊಳ್ಳುವ ಹಾಗಾಯಿತೆಂದು ಆಗಸ್ಟೀನನು ಜೆರೋಮನಿಗೆ ಬರೆದ ಪತ್ರವು ಉಳಿದುಬಂದಿದೆ. ತಲೆತಲಾಂತರದಿಂದ ಕಿವಿಗೆ ಬಿದ್ದು ಪವಿತ್ರವಾದ ಮಾತನ್ನು ಮೂಲದ ಬಲದಿಂದ ತಿದ್ದಬಹುದೇ, ತಿದ್ದುವ ಅಧಿಕಾರ ಯಾರದು, ಎಂಬ ಪ್ರಶ್ನೆಯು ಆಗಲೇ ಎದ್ದಿತು. ಅದು ಮುಂದಿನ ಹನ್ನೆರಡು ಶತಮಾನಗಳಲ್ಲಿ ಮತ್ತೆ ಮತ್ತೆ ತಲೆಯೆತ್ತಿತು.

ಹೀಬ್ರೂ ಭಾಷೆಯ ಮೊದಲ ಕಷ್ಟವು ಅದರ ಲಿಪಿಯಲ್ಲಿಯೇ ಇದೆ. ಅದರಲ್ಲಿ ೨೨ ಅಕ್ಷರಗಳು; ಎಲ್ಲವೂ ವ್ಯಂಜನಗಳು. ಕೆಲವು ಅಕ್ಷರಗಳು ಅಲ್ಲಲ್ಲಿ ದೀರ್ಘಸ್ವರವನ್ನು ಸೂಚಿಸುವುದುಂಟಾದರೂ ಸ್ವರಗಳನ್ನು ಪೂರ್ಣವಾಗಿ ಬರೆಯುವ ಪದ್ಧತಿಯು ಪ್ರಾಚೀನರಲ್ಲಿ ಇರಲಿಲ್ಲ. ಕನ್ನಡದಲ್ಲಿ ಕಕಾರ ಲಕಾರಗಳನ್ನು ಮಾತ್ರ ಬರೆದು ಬಿಟ್ಟರೆ ಓದುವವನು ಅದನ್ನು ಕಾಲು ಎನ್ನಬೇಕೋ, ಕೋಲು ಎನ್ನಬೇಕೋ, ಕೀಲು, ಕುಲ, ಕೊಲೆ ಎನ್ನಬೇಕೋ ಸಂದರ್ಭದಿಂದಲೇ ಊಹಿಸಬೇಕಾಗುವುದು. ಹೀಬ್ರೂವಿನಲ್ಲಿ ನಿಜವಾಗಿ ಹೀಗೆಯೇ ನಡೆಯಿತು. ಆದಿಕಾಂಡದಲ್ಲಿ ವೃದ್ಧನಾದ ಯಾಕೋಬನು ಬಾಗಿ ವಂದಿಸಿದ ಪ್ರಸಂಗವು ಬರುತ್ತದೆ. ಅಲ್ಲಿಯ ಮೂರಕ್ಷರದ ಪದವನ್ನು ಯೆಹೂದ್ಯಸಂಪ್ರದಾಯವು ‘ಮಿಟ್ಟಾ’ ಎಂದೋದಿ ಹಾಸಿಗೆಯೆಂದು ಅರ್ಥಮಾಡಿತು; ಕ್ರಿಸ್ತಪೂರ್ವದಲ್ಲಿ ಗ್ರೀಕಿಗೆ ಭಾಷಾಂತರಿಸಿದವರು ಅದೇ ಅಕ್ಷರಗಳನ್ನು ‘ಮಟ್ಟೆ’ ಎಂದೋದಿ ಕೋಲೆಂದು ಅರ್ಥಮಾಡಿದರು. ಹೊಸ ಒಡಂಬಡಿಕೆಯು ಗ್ರೀಕ್ ಪಾಠವನ್ನು ಅನುಸರಿಸಿದುದರಿಂದ, ಒಂದೇ ಬೈಬಲ್ಲಿನೊಳಗೆ ಯಾಕೋಬನು ಒಂದೆಡೆ ಹಾಸಿಗೆಯ ತಲೆದೆಸೆಗೆ ಬಾಗುತ್ತಾನೆ, ಇನ್ನೊಂದೆಡೆ ಕೋಲಿನ ತುದಿಯ ಮೇಲೆ ಬಾಗುತ್ತಾನೆ.

ಇನ್ನೊಂದು ಉದಾಹರಣೆಯು ಜಗತ್ಪ್ರಸಿದ್ಧವಾದುದು. ಮೋಶೆಯು ಪರ್ವತದಿಂದ ಇಳಿದುಬಂದಾಗ ಅವನ ಮುಖವು ಪ್ರಕಾಶಿಸಿತೆಂದು ವಿಮೋಚನಕಾಂಡವು ಹೇಳುತ್ತದೆ. ಅಲ್ಲಿಯ ಕ್ರಿಯಾಪದವು ‘ಕಾರನ್’. ಅವೇ ವ್ಯಂಜನಗಳಿಂದಾದ ‘ಕೆರೆನ್’ ಎಂಬ ನಾಮಪದಕ್ಕೆ ಕೊಂಬೆಂದು ಅರ್ಥ. ಜೆರೋಮನು ಕೊಂಬಿನ ಅರ್ಥವುಳ್ಳ ಲ್ಯಾಟಿನ್ ಪದವನ್ನು ಬಳಸಿದನು. ಅವನ ಮನಸ್ಸಿನಲ್ಲಿ ಅದು ಮಹಿಮೆಯ ಸಂಕೇತವಾಗಿದ್ದಿರಬಹುದು. ಶಿಲ್ಪಿಗಳೂ ಚಿತ್ರಕಾರರೂ ಅದನ್ನು ಅಕ್ಷರಶಃ ತೆಗೆದುಕೊಂಡರು. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮಿಕೆಲಾಂಜೆಲೊ ಕಡೆದ ಮೋಶೆಯ ಭವ್ಯವಿಗ್ರಹವು ರೋಮಿನ ದೇವಾಲಯವೊಂದರಲ್ಲಿ ತಲೆಯ ಮೇಲೆ ಎರಡು ಕೊಂಬುಗಳನ್ನು ಹೊತ್ತು ಕುಳಿತಿದೆ.

ಈ ಅನಿಶ್ಚಯವನ್ನು ನೀಗಿಸಲು ಯೆಹೂದ್ಯಪಂಡಿತರು ಪಟ್ಟ ಶ್ರಮವು ಸಾಮಾನ್ಯವಾದುದಲ್ಲ. ಸುಮಾರು ಏಳರಿಂದ ಹತ್ತನೆಯ ಶತಮಾನದವರೆಗೆ ಗಲಿಲಾಯ ಸೀಮೆಯ ತಿಬೇರಿಯ ನಗರದಲ್ಲಿ ಮಸೋರಾಕಾರರೆಂಬ ವಿದ್ವಾಂಸರು, ಪೂರ್ವಿಕರ ಒಂದಕ್ಷರವನ್ನೂ ಕದಲಿಸದೆ, ಅಕ್ಷರಗಳ ಕೆಳಗೂ ಮೇಲೂ ಒಳಗೂ ಬಿಂದುಗಳನ್ನೂ ಗೆರೆಗಳನ್ನೂ ಇಟ್ಟು ಸ್ವರಗಳನ್ನು ಸೂಚಿಸಿದರು. ಪಾರಾಯಣದ ಸ್ವರಭಾರಕ್ಕೆ ಬೇರೆ ಗುರುತುಗಳನ್ನು ಕಲ್ಪಿಸಿದರು. ಯಾವ ಪದವು ಎಷ್ಟು ಸಲ ಯಾವ ರೂಪದಲ್ಲಿ ಬಂದಿದೆಯೆಂದು ಎಣಿಸಿ ಪುಟದ ಅಂಚಿನಲ್ಲಿ ಬರೆದರು. ಪದಪಾಠ, ಕ್ರಮಪಾಠ, ಘನಪಾಠಗಳಿಂದ ವೇದವನ್ನು ಕಾಪಾಡಿದ ವೈದಿಕರ ಉದ್ಯಮವನ್ನು ಬಲ್ಲವರಿಗೆ ಇವರ ಉದ್ಯಮದ ಸ್ವರೂಪವು ಸುಲಭವಾಗಿ ಹೊಳೆಯುವುದು. ವೈದಿಕರು ಕಂಠದಿಂದ ಸಾಧಿಸಿದುದನ್ನು ಇವರು ಲೇಖನಿಯಿಂದ ಸಾಧಿಸಿದರು.

ಗುರುತು ಹಾಕುವುದು ಬೇರೆ, ನಿಯಮವನ್ನು ಕಂಡುಕೊಳ್ಳುವುದು ಬೇರೆ. ಹೀಬ್ರೂವಿಗೆ ಶಾಸ್ತ್ರರೂಪವಾದ ವ್ಯಾಕರಣವು ಹುಟ್ಟಿದುದು ಅರಬ್ಬರ ಆಳ್ವಿಕೆಯಲ್ಲಿ, ಅರಬ್ಬೀ ವೈಯಾಕರಣರ ನೆರೆಯಲ್ಲಿ. ಕುರಾನಿನ ಭಾಷೆಯ ಶುದ್ಧಿಗಾಗಿ ಎಂಟನೆಯ ಶತಮಾನದಲ್ಲಿಯೇ ಸೀಬವೈಹಿಯು ಮಹಾವ್ಯಾಕರಣವನ್ನು ಬರೆದಿದ್ದನು. ಅದೇ ಮಾರ್ಗವನ್ನು ಹಿಡಿದು ಹತ್ತನೆಯ ಶತಮಾನದಲ್ಲಿ ಸಾದ್ಯಾ ಗಾವೋನನು ಹೀಬ್ರೂ ನಿಘಂಟನ್ನೂ ವ್ಯಾಕರಣವನ್ನೂ ರಚಿಸಿದನು. ಆ ಶತಮಾನದ ಕೊನೆಯಲ್ಲಿ, ಮೊರಾಕೊ ದೇಶದ ಫೇಜಿನಿಂದ ಸ್ಪೇನಿನ ಕಾರ್ಡೋವಕ್ಕೆ ಬಂದ ಯೆಹೂದಾ ಹಯ್ಯೂಜನು ಈ ಶಾಸ್ತ್ರದ ಬೀಗದಕೈಯನ್ನೇ ಕಂಡುಹಿಡಿದನು.

ಅವನ ಸಿದ್ಧಾಂತವು ಸ್ವಲ್ಪದರಲ್ಲಿ ಇಷ್ಟು. ಹೀಬ್ರೂವಿನ ಪ್ರತಿಯೊಂದು ಕ್ರಿಯಾಧಾತುವೂ ಮೂರು ವ್ಯಂಜನಗಳಿಂದಾದುದು. ಕ, ತ, ಬ ಎಂಬ ಮೂರು ವ್ಯಂಜನಗಳು ಬರಹದ ಅರ್ಥವನ್ನು ಹೊತ್ತಿವೆ. ಇವುಗಳ ನಡುವೆ ಸ್ವರಗಳು ಬದಲಾದಂತೆ ‘ಕಾತವ್’ ಎಂದರೆ ಬರೆದನು, ‘ಕೋತೇವ್’ ಎಂದರೆ ಬರೆಯುವವನು, ‘ಮಿಕ್ತಾವ್’ ಎಂದರೆ ಬರಹ ಎಂದಾಗುವುದು. ಕೆಲವು ಪದಗಳಲ್ಲಿ ಎರಡೇ ವ್ಯಂಜನಗಳು ಕಾಣುವುದುಂಟು. ‘ಎದ್ದನು’ ಎಂಬರ್ಥದ ‘ಕಾಮ್’ ಇಂತಹದು. ಹಿಂದಿನವರು ಇದನ್ನು ಎರಡಕ್ಷರದ ಧಾತುವೆಂದು ಎಣಿಸಿ ಗೊಂದಲಕ್ಕೆ ಸಿಲುಕಿದ್ದರು. ಹಯ್ಯೂಜನು ನಡುವಣ ವಕಾರವು ದುರ್ಬಲವಾಗಿ ಲೋಪಹೊಂದಿದೆಯೆಂದೂ, ಅದು ಬೇರೆ ರೂಪಗಳಲ್ಲಿ ಮತ್ತೆ ತೋರುವುದೆಂದೂ ಸಾಧಿಸಿದನು. ಕಣ್ಣಿಗೆ ಕಾಣದ ಅಕ್ಷರವನ್ನು ನಿಯಮದ ಬಲದಿಂದ ಕಾಣುವುದೇ ವೈಯಾಕರಣನ ಕೆಲಸವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಕನ್ನಡಿಗರಿಗೆ ಈ ವಿಚಿತ್ರರಚನೆಯು ತೀರ ಅಪರಿಚಿತವೇನೂ ಅಲ್ಲ. ಹೀಬ್ರೂವಿನ ಸೋದರಭಾಷೆಯಾದ ಅರಬ್ಬಿಯಿಂದ ಫಾರಸಿಯ ಮೂಲಕ ಬಂದ ಪದಗಳು ಕನ್ನಡನಾಡಿನ ಕಚೇರಿಗಳಲ್ಲಿ ಮನೆಮಾತಾಗಿವೆ. ಅಮಲು ಮತ್ತು ಮಾಮೂಲು ಎಂಬ ಎರಡು ಪದಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡರಲ್ಲಿಯೂ ಒಂದೇ ಧಾತುವಿನ ವ್ಯಂಜನಗಳು ಅಡಗಿವೆ. ಮಾಡು, ನಡೆಸು ಎಂಬುದು ಅದರ ಅರ್ಥ. ನಡೆಸುವ ಅಧಿಕಾರವು ಅಮಲು; ಎಂದಿನಿಂದಲೂ ನಡೆದುಬಂದುದು ಮಾಮೂಲು. ತಹಸೀಲು ಮತ್ತು ಮಹಸೂಲು ಎಂಬಲ್ಲಿಯೂ ಹಕಾರ ಸಕಾರ ಲಕಾರಗಳ ಒಂದೇ ಧಾತುವಿದೆ. ಕನ್ನಡದ ‘ಬರೆ’ ಎಂಬ ಧಾತುವು ಬರೆದನು, ಬರೆಯುವುದು, ಬರೆಯಿಸಿದರು ಎಂದು ತುದಿಯಲ್ಲಿ ಪ್ರತ್ಯಯಗಳನ್ನು ಸೇರಿಸಿಕೊಳ್ಳುತ್ತ ಹೋಗುವುದು. ತಾನು ಮಾತ್ರ ಕದಲದು. ಶೆಮಿಟಿಕ್ ಭಾಷೆಗಳ ಧಾತುವಾದರೋ ತನ್ನ ಒಡಲೊಳಗೇ ಸ್ವರಗಳನ್ನು ಬದಲಿಸಿಕೊಳ್ಳುವುದು. ತಹಸೀಲುದಾರನಿಗೆ ಅರ್ಜಿ ಬರೆದ ಕನ್ನಡಿಗನು ತನಗೆ ತಿಳಿಯದೆಯೇ ಹಯ್ಯೂಜನ ಸೂತ್ರಕ್ಕೆ ಉದಾಹರಣೆಯನ್ನು ಬರೆದಿದ್ದಾನೆ.

ಹಯ್ಯೂಜನ ತರುವಾಯ ಸರಗೋಸದ ವೈದ್ಯನಾದ ಯೋನಾ ಇಬ್ನ್ ಜನಾಹನು ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ವ್ಯಾಕರಣವನ್ನೂ ಧಾತುಕೋಶವನ್ನೂ ವಿಸ್ತಾರವಾಗಿ ಬರೆದನು. ಇವರಿಬ್ಬರ ಗ್ರಂಥಗಳೂ ಅರಬ್ಬೀ ಭಾಷೆಯಲ್ಲಿದ್ದುವು. ಹನ್ನೆರಡನೆಯ ಶತಮಾನದ ನಡುವೆ ಸ್ಪೇನಿನಲ್ಲಿ ಆಲ್ಮೊಹದರ ಕ್ರೂರಶಾಸನವು ಬಂದಾಗ ಯೋಸೇಫ ಕಿಮ್ಹಿಯು ಓಡಿಬಂದು ಫ್ರಾನ್ಸಿನ ದಕ್ಷಿಣದಲ್ಲಿರುವ ನಾರ್ಬೊನ್ನಿನಲ್ಲಿ ನೆಲಸಿದನು. ಅಲ್ಲಿಯ ಯೆಹೂದ್ಯರಿಗೆ ಅರಬ್ಬಿಯು ತಿಳಿಯದು. ಅವರಿಗಾಗಿ ಈ ವಿದ್ಯೆಯನ್ನು ಹೀಬ್ರೂವಿನಲ್ಲಿಯೇ ತಿಳಿಯಾಗಿ ಬರೆದವರು ಯೋಸೇಫನೂ ಅವನ ಮಕ್ಕಳಾದ ಮೋಶೆ ಮತ್ತು ದಾವೀದರೂ. ದಾವೀದ ಕಿಮ್ಹಿಯ ‘ಮಿಕ್ಲೋಲ್’ ಎಂಬ ಗ್ರಂಥವು ಪೂರ್ವಿಕರೆಲ್ಲರ ಸಾರವನ್ನು ಕ್ರಮವಾಗಿ ಜೋಡಿಸಿದುದು. ಆತನು ೧೨೩೫ರ ಸುಮಾರಿನಲ್ಲಿ ತೀರಿಕೊಂಡನು. ಕನ್ನಡದ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದುದು ೧೨೬೦ರ ಸುಮಾರಿನಲ್ಲಿ. ಒಬ್ಬರನ್ನೊಬ್ಬರು ಅರಿಯದ ಈ ಇಬ್ಬರು ಪಂಡಿತರೂ ಬಳಕೆಯಿಂದ ಜಾರುತ್ತಿದ್ದ ಅಥವಾ ಜಾರಿಹೋಗಿದ್ದ ಭಾಷಾರೂಪವನ್ನು ಪೂರ್ವಪ್ರಯೋಗಗಳ ಆಧಾರದಿಂದ ಹಿಡಿದು ನಿಲ್ಲಿಸಲು ಒಂದೇ ಶತಮಾನದಲ್ಲಿ ಶ್ರಮಿಸಿದರು. ಕಿಮ್ಹಿಗೆ ಪ್ರಮಾಣವು ಧರ್ಮಗ್ರಂಥ. ಕೇಶಿರಾಜನಿಗೆ ಪ್ರಮಾಣವು ಕವಿಪ್ರಯೋಗ.

ಇಷ್ಟೆಲ್ಲ ನಡೆದಿದ್ದರೂ ಕ್ರೈಸ್ತಯುರೋಪಿಗೆ ಇದರ ಸುದ್ದಿಯು ತಿಳಿದಿದ್ದುದು ಅತ್ಯಲ್ಪ. ಅಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣ; ದೊನಾತುಸನ ಎಂಟು ವರ್ಗಗಳೇ ಬುದ್ಧಿಯ ಸಹಜವಿಭಾಗಗಳೆಂಬ ನಂಬಿಕೆಯು ಬೇರೂರಿದ್ದಿತು. ಈ ಭ್ರಮೆಯನ್ನು ಕದಲಿಸಿದವರಲ್ಲಿ ಅಗ್ರಗಣ್ಯನು ಜರ್ಮನಿಯ ಯೋಹಾನ್ ರಾಯ್ಖ್ಲಿನನು.

ರಾಯ್ಖ್ಲಿನನು ೧೪೫೫ರಲ್ಲಿ ಪ್‌ಫೋರ್ಟ್‌ಸ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದನು. ವೃತ್ತಿಯಿಂದ ನ್ಯಾಯವಾದಿ, ಬಾಸೆಲ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಲ್ಯಾಟಿನ್ ಕೋಶವೊಂದನ್ನು ಸಿದ್ಧಪಡಿಸಿದ್ದನು, ಗ್ರೀಕನ್ನೂ ಕಲಿತಿದ್ದನು. ೧೪೯೨ರಲ್ಲಿ ರಾಜಕಾರ್ಯದ ಮೇಲೆ ಲಿಂಟ್ಸ್ ನಗರದಲ್ಲಿದ್ದ ಚಕ್ರವರ್ತಿ ಮೂರನೆಯ ಫ್ರೆಡರಿಕನ ಆಸ್ಥಾನಕ್ಕೆ ಹೋದಾಗ, ಚಕ್ರವರ್ತಿಯ ವೈದ್ಯನಾಗಿದ್ದ ಯಾಕೋಬ ಲೋಆನ್ಸನೆಂಬ ಯೆಹೂದ್ಯನಿಂದ ಹೀಬ್ರೂ ಪಾಠವನ್ನು ಆರಂಭಿಸಿದನು. ಸ್ಪೇನಿನ ಅರಸರು ತಮ್ಮ ರಾಜ್ಯದಿಂದ ಯೆಹೂದ್ಯರನ್ನು ಹೊರಡಿಸಿದುದೂ ಅದೇ ವರ್ಷ. ಮುಂದೆ ರೋಮಿನಲ್ಲಿ ಓಬದ್ಯಾ ಸ್ಫೋರ್ನೊ ಎಂಬ ವಿದ್ವಾಂಸನಲ್ಲಿಯೂ ಅವನು ಶಿಷ್ಯವೃತ್ತಿ ಮಾಡಿದನು. ಯೆಹೂದ್ಯರನ್ನು ಊರಿನಿಂದ ಊರಿಗೆ ಅಟ್ಟುತ್ತಿದ್ದ ಕಾಲದಲ್ಲಿ ಕ್ರೈಸ್ತ ನ್ಯಾಯಾಧಿಕಾರಿಯೊಬ್ಬನು ಅವರನ್ನು ಗುರುಗಳೆಂದು ಬಹಿರಂಗವಾಗಿ ಗೌರವಿಸಿದುದು ಸಣ್ಣ ಮಾತಲ್ಲ.

ಅದೇ ಕಾಲದಲ್ಲಿ ಕೊನ್ರಾಡ್ ಪೆಲ್ಲಿಕಾನನೆಂಬ ಬಡ ಸಂನ್ಯಾಸಿಯು ಗುರುವೂ ಇಲ್ಲದೆ, ಪುಸ್ತಕವೂ ಇಲ್ಲದೆ, ಕಷ್ಟದಿಂದ ದೊರಕಿಸಿಕೊಂಡ ಹೀಬ್ರೂ ಹಸ್ತಪ್ರತಿಯನ್ನು ಲ್ಯಾಟಿನ್ ಅನುವಾದದೊಡನೆ ಪದಪದವಾಗಿ ಹೋಲಿಸಿ ಭಾಷೆಯನ್ನು ತಾನಾಗಿಯೇ ಬಿಡಿಸಿಕೊಳ್ಳುತ್ತಿದ್ದನು. ರಾಯ್ಖ್ಲಿನನ ಭೇಟಿಯಿಂದ ಅವನ ಹಲವು ಸಂದೇಹಗಳು ಪರಿಹಾರವಾದುವು. ಅವನ ಚಿಕ್ಕ ಕೈಪಿಡಿಯೊಂದು ೧೫೦೪ರಲ್ಲಿ ಅಚ್ಚಾಯಿತು. ಪೂರ್ಣವಾದ ಪಾಠಗ್ರಂಥವನ್ನು ಕೊಟ್ಟವನು ಮಾತ್ರ ರಾಯ್ಖ್ಲಿನನೇ. ೧೫೦೬ರಲ್ಲಿ ಪ್‌ಫೋರ್ಟ್‌ಸ್‌ಹೈಮಿನಲ್ಲಿ ಅವನ ‘ಹೀಬ್ರೂ ಮೂಲಪಾಠಗಳು’ ಎಂಬರ್ಥದ ಲ್ಯಾಟಿನ್ ಹೆಸರಿನ ಗ್ರಂಥವು ಅವನ ಸ್ವಂತ ವೆಚ್ಚದಲ್ಲಿ ಹೊರಬಂದಿತು. ಹೀಬ್ರೂ ಪುಸ್ತಕಗಳಂತೆ ಬಲದಿಂದ ಎಡಕ್ಕೆ ಪುಟ ತಿರುವುವಂತೆ ಅದನ್ನು ಅಚ್ಚುಹಾಕಿಸಿದ್ದನು. ಅಕ್ಷರಮಾಲೆಯಿಂದ ಮೊದಲಾಗಿ, ಧಾತುಕ್ರಮದ ದೊಡ್ಡ ಕೋಶವೂ ಕೊನೆಗೆ ವ್ಯಾಕರಣವೂ ಅದರಲ್ಲಿದ್ದುವು. ಕಿಮ್ಹಿಯೇ ಅದರ ಮುಖ್ಯಾಧಾರ. ಪುಸ್ತಕದ ಮಾರಾಟವು ಬಹಳ ಮಂದವಾಗಿದ್ದಿತು. ಕೊಳ್ಳುವವರಿಲ್ಲದೆ ಪ್ರತಿಗಳು ಉಳಿದುವು.

ಲ್ಯಾಟಿನ್ ಓದಿ ಬೆಳೆದ ವಿದ್ಯಾರ್ಥಿಗೆ ಈ ಗ್ರಂಥವು ಹೆಜ್ಜೆಹೆಜ್ಜೆಗೂ ಬೆರಗನ್ನು ಉಂಟುಮಾಡಿರಬೇಕು. ಎಂಟು ಪದವರ್ಗಗಳಿಗೆ ಬದಲಾಗಿ ಹೀಬ್ರೂ ಸಂಪ್ರದಾಯವು ನಾಮ, ಕ್ರಿಯೆ, ಅವ್ಯಯಗಳೆಂಬ ಮೂರರಿಂದಲೇ ತೃಪ್ತಿಹೊಂದುವುದು. ಲ್ಯಾಟಿನ್ನಿನಲ್ಲಿ ಕ್ರಿಯಾಪದದ ಎಣಿಕೆಯು ‘ನಾನು’ ಎಂಬಲ್ಲಿಂದ ಮೊದಲಾಗುವುದು. ಹೀಬ್ರೂವಿನಲ್ಲಿ ‘ಅವನು ಮಾಡಿದನು’ ಎಂಬ ರೂಪವೇ ಮೊದಲನೆಯದು, ಕೋಶದಲ್ಲಿ ಹುಡುಕಬೇಕಾದುದೂ ಅದನ್ನೇ. ‘ಅವನು’ ಎಂಬುದನ್ನು ಪ್ರಥಮಪುರುಷವೆಂದೂ ‘ನಾನು’ ಎಂಬುದನ್ನು ಕಟ್ಟಕಡೆಯ ಉತ್ತಮಪುರುಷವೆಂದೂ ಓದಿದ ಕನ್ನಡ ವಿದ್ಯಾರ್ಥಿಗೆ ಇಲ್ಲಿ ಆಶ್ಚರ್ಯಕ್ಕೆ ಕಾರಣವೇ ಇಲ್ಲ. ಬರೆದನು, ಬರೆದಳು ಎಂದು ಕ್ರಿಯಾಪದದಲ್ಲಿಯೇ ಲಿಂಗಭೇದವನ್ನು ತೋರುವುದು ಕನ್ನಡಕ್ಕೆ ಸಹಜ. ಲ್ಯಾಟಿನ್ನಿನ ಇಂತಹ ಕ್ರಿಯಾರೂಪವು ಅದನ್ನು ತೋರದು. ಹೀಬ್ರೂವು ಇನ್ನೂ ಮುಂದೆ ಹೋಗಿ ‘ನೀನು ಬರೆದೆ’ ಎಂಬಲ್ಲಿಯೂ ಗಂಡಸಿಗೊಂದು, ಹೆಂಗಸಿಗೊಂದು ರೂಪವನ್ನಿಟ್ಟುಕೊಂಡಿದೆ. ‘ಅರಸನ ಮಾತು’ ಎಂಬಲ್ಲಿ ಕನ್ನಡವು ಅರಸನಿಗೆ ಷಷ್ಠಿಯನ್ನು ಹಚ್ಚುವುದು. ಹೀಬ್ರೂವು ಅರಸನನ್ನು ಮುಟ್ಟದೆ ಮಾತನ್ನೇ ಬದಲಿಸುವುದು: ಮಾತಿಗೆ ‘ದಾವಾರ್’, ಅರಸನ ಮಾತಿಗೆ ‘ದೆವರ್ ಹಮ್ಮೆಲೆಕ್’. ಕಾಲಗಳಲ್ಲಿಯೂ ಭೂತ, ಭವಿಷ್ಯ, ವರ್ತಮಾನಗಳೆಂಬ ಮೂರರ ಹಂಚಿಕೆಗಿಂತ ಮುಗಿದ ಕ್ರಿಯೆ, ಮುಗಿಯದ ಕ್ರಿಯೆ ಎಂಬ ಎರಡರ ಭೇದವೇ ಅಲ್ಲಿ ಪ್ರಧಾನವಾದುದು.

ಇವೆಲ್ಲವುಗಳಿಂದ ಎರಡು ದೊಡ್ಡ ಲಾಭಗಳಾದುವು. ಲ್ಯಾಟಿನ್ನಿನ ಚೌಕಟ್ಟೇ ಸಕಲ ಭಾಷೆಗಳ ಚೌಕಟ್ಟಲ್ಲವೆಂಬ ಅರಿವು ಮೊದಲನೆಯದು. ಪದವನ್ನು ಇಡಿಯಾಗಿ ಕಂಠಪಾಠಮಾಡುವುದರ ಬದಲು ಅದನ್ನು ಬೇರು ಮತ್ತು ಪ್ರತ್ಯಯಗಳಾಗಿ ಬಿಡಿಸುವ ಅಭ್ಯಾಸವು ಎರಡನೆಯದು. ಪದದ ‘ಬೇರು’ ಎಂಬ ಮಾತೇ ಹೀಬ್ರೂ ವೈಯಾಕರಣರ ಪರಿಭಾಷೆ. ಪಾಣಿನಿಯ ಶಿಷ್ಯಪರಂಪರೆಗೆ ಹಾಲುಗಲ್ಲದಲ್ಲಿಯೇ ತಿಳಿದಿದ್ದ ಧಾತುವಿಚಾರವು ಯುರೋಪಿಗೆ ಮೊದಲು ತಲಪಿದುದು ಹೀಬ್ರೂವಿನ ದಾರಿಯಿಂದ.

ಈ ವಿದ್ಯೆಯು ನೆಲೆಗೊಳ್ಳುವ ಮೊದಲೇ ಅದರ ಬುಡಕ್ಕೆ ಕೊಡಲಿಯೇಟು ಬೀಳುವ ಹಾಗಾಯಿತು. ಕ್ರೈಸ್ತಮತಕ್ಕೆ ಸೇರಿದ ಪ್‌ಫೆಫರ್‌ಕೋರ್ನನೆಂಬ ಯೆಹೂದ್ಯನು, ತನ್ನ ಹಿಂದಿನ ಸ್ವಜನರ ಗ್ರಂಥಗಳೇ ಅವರ ಹಟಕ್ಕೆ ಕಾರಣವೆಂದು ವಾದಿಸಿ, ಅವುಗಳನ್ನು ಕಸಿದುಕೊಳ್ಳಲು ೧೫೦೯ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನನಿಂದ ಅಪ್ಪಣೆ ಪಡೆದನು. ಫ್ರಾಂಕ್‌ಫರ್ಟ್ ಮೊದಲಾದ ಕಡೆಗಳಲ್ಲಿ ಪುಸ್ತಕಗಳನ್ನು ವಶಪಡಿಸಿಕೊಂಡುದೂ ಆಯಿತು. ಚಕ್ರವರ್ತಿಯು ವಿಶ್ವವಿದ್ಯಾಲಯಗಳ ಮತ್ತು ಪಂಡಿತರ ಅಭಿಪ್ರಾಯವನ್ನು ಕೇಳಿದಾಗ, ಆ ಗ್ರಂಥಗಳ ನಾಶವನ್ನು ಸ್ಪಷ್ಟವಾಗಿ ವಿರೋಧಿಸಿ ೧೫೧೦ರಲ್ಲಿ ಬರೆದವನು ರಾಯ್ಖ್ಲಿನನು. ಯೆಹೂದ್ಯರೂ ಸಾಮ್ರಾಜ್ಯದ ಪ್ರಜೆಗಳು, ಅವರ ಸ್ವತ್ತನ್ನು ನ್ಯಾಯವಿಲ್ಲದೆ ಕಸಿಯಲಾಗದು ಎಂದು ಅವನಲ್ಲಿದ್ದ ನ್ಯಾಯವಾದಿಯು ಹೇಳಿದನು. ಈ ಗ್ರಂಥಗಳಿಲ್ಲದೆ ಕ್ರೈಸ್ತರು ತಮ್ಮ ಧರ್ಮಪುಸ್ತಕವನ್ನೇ ಅರಿಯಲಾರರು ಎಂದು ಅವನಲ್ಲಿದ್ದ ವೈಯಾಕರಣನು ಹೇಳಿದನು. ಜರ್ಮನಿಯ ಪ್ರತಿಯೊಂದು ವಿಶ್ವವಿದ್ಯಾಲಯದಲ್ಲಿಯೂ ಹತ್ತು ವರ್ಷಗಳ ಕಾಲ ಇಬ್ಬರು ಹೀಬ್ರೂ ಅಧ್ಯಾಪಕರನ್ನಿರಿಸಬೇಕೆಂಬುದು ಅವನ ಪ್ರತಿಸಲಹೆ. ಯೆಹೂದ್ಯರು ಎಂದಾದರೂ ಕ್ರೈಸ್ತರಾಗಬೇಕೆಂಬ ಬಯಕೆಯು ಅವನಲ್ಲಿಯೂ ಇದ್ದಿತು. ಆದರೆ ಅದಕ್ಕೆ ಉಪಾಯವು ಬೆಂಕಿಯಲ್ಲ, ವಿದ್ಯೆ ಎಂಬುದು ಅವನ ನಿಲುವು.

ಕಸಿದುಕೊಂಡಿದ್ದ ಗ್ರಂಥಗಳು ಒಡೆಯರಿಗೆ ಹಿಂದಿರುಗಿದುವು. ರಾಯ್ಖ್ಲಿನನಿಗೆ ಮಾತ್ರ ಹತ್ತು ವರ್ಷಗಳ ವ್ಯಾಜ್ಯವು ಗಂಟುಬಿದ್ದಿತು. ತನ್ನ ಮೇಲಿನ ನಿಂದೆಗೆ ಉತ್ತರವಾಗಿ ೧೫೧೧ರಲ್ಲಿ ಅವನು ಪ್ರಕಟಿಸಿದ ‘ಕನ್ನಡಕ’ ಎಂಬ ಪುಸ್ತಕವು ಧರ್ಮನ್ಯಾಯಸ್ಥಾನದ ವಿಚಾರಣೆಗೆ ಗುರಿಯಾಯಿತು. ೧೫೧೪ರಲ್ಲಿ ಸ್ಪೈಯರ್ ನಗರದಲ್ಲಿ ಅವನ ಪಕ್ಷವೇ ಗೆದ್ದರೂ, ೧೫೨೦ರಲ್ಲಿ ರೋಮಿನ ತೀರ್ಪು ಅವನಿಗೆ ವಿರುದ್ಧವಾಯಿತು. ಆ ವೇಳೆಗೆ ಮಾರ್ಟಿನ್ ಲೂಥರನ ಚಳವಳಿಯು ಎದ್ದು ಜನರ ದೃಷ್ಟಿಯೆಲ್ಲ ಅತ್ತ ತಿರುಗಿದ್ದಿತು. ವೃದ್ಧ ರಾಯ್ಖ್ಲಿನನು ಇಂಗೋಲ್‌ಷ್ಟಾಟ್ ಮತ್ತು ಟ್ಯೂಬಿಂಗನ್ ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್ ಹೀಬ್ರೂಗಳನ್ನು ಬೋಧಿಸುತ್ತ ೧೫೨೨ರಲ್ಲಿ ಕಾಲವಾದನು.

ಗ್ರೀಕಿನ ಕಥೆಯು ಇಷ್ಟು ಕಷ್ಟಮಯವಲ್ಲ. ೧೩೯೭ರಲ್ಲಿ ಕಾನ್‌ಸ್ಟಾಂಟಿನೋಪಲಿನಿಂದ ಫ್ಲಾರೆನ್ಸಿಗೆ ಬಂದ ಕ್ರಿಸೊಲೊರಾಸನು ಇಟಲಿಯಲ್ಲಿ ಗ್ರೀಕ್ ವ್ಯಾಕರಣಕ್ಕೆ ತಳಹದಿಯನ್ನು ಹಾಕಿದನು. ಎರಾಸ್ಮಸನು ೧೫೧೬ರಲ್ಲಿ ಬಾಸೆಲ್ ನಗರದಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಅಚ್ಚುಹಾಕಿಸಿದನು. ಲ್ಯಾಟಿನ್ ಪಾಠದಲ್ಲಿ ಪ್ರಾಯಶ್ಚಿತ್ತವನ್ನು ಆಚರಿಸಿರಿ ಎಂಬಂತೆ ಕೇಳುತ್ತಿದ್ದ ಮಾತು ಗ್ರೀಕಿನಲ್ಲಿ ಮನಸ್ಸನ್ನು ಮಾರ್ಪಡಿಸಿಕೊಳ್ಳಿರಿ ಎಂಬರ್ಥದ ಕ್ರಿಯಾಪದವೆಂದು ತಿಳಿದುದು ಲೂಥರನ ವಿಚಾರಗಳಿಗೆ ದೊಡ್ಡ ಆಸರೆಯಾಯಿತು. ರಾಯ್ಖ್ಲಿನನ ಬಂಧುವೂ ಶಿಷ್ಯಪ್ರಾಯನೂ ಆದ ಮೆಲಂಕ್ತನನು ೧೫೧೮ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ, ಗ್ರೀಕ್ ವ್ಯಾಕರಣವೊಂದನ್ನು ಪ್ರಕಟಿಸಿದನು. ಮಠದ ಗೋಡೆಯೊಳಗಿನ ಒಂದು ಪ್ರತ್ಯಯದ ಚರ್ಚೆಯು ಹೀಗೆ ರಾಜ್ಯಗಳನ್ನೇ ಅಲುಗಿಸುವಷ್ಟು ಬಲವುಳ್ಳದ್ದಾಯಿತು.

ಹೀಬ್ರೂವನ್ನು ಕ್ರೈಸ್ತರಿಗೆ ಕಲಿಸಿದವರಲ್ಲಿ ಎಲಿಯಾ ಲೆವಿತನ ಹೆಸರನ್ನು ಮರೆಯಲಾಗದು. ಜರ್ಮನಿಯಲ್ಲಿ ೧೪೬೯ರಲ್ಲಿ ಹುಟ್ಟಿದ ಈ ಬಡಪಂಡಿತನು ರೋಮಿನಲ್ಲಿ ಎಗಿದಿಯೊ ಎಂಬ ಕಾರ್ಡಿನಲನ ಮನೆಯಲ್ಲಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಸಂಸಾರಸಮೇತನಾಗಿದ್ದು, ಆತನಿಗೆ ಹೀಬ್ರೂ ಕಲಿಸಿ ತಾನು ಗ್ರೀಕ್ ಕಲಿತನು. ೧೫೨೭ರಲ್ಲಿ ಚಕ್ರವರ್ತಿಯ ದಂಡು ರೋಮನ್ನು ಸುಲಿದಾಗ ಅವನ ಹಸ್ತಪ್ರತಿಗಳೂ ನಷ್ಟವಾದುವು. ಪರಮತದವರಿಗೆ ವೇದಭಾಷೆಯನ್ನು ಹೇಳಿಕೊಟ್ಟನೆಂದು ಸ್ವಜನರಿಂದ ನಿಂದೆಗೂ ಗುರಿಯಾದನು. ವೆನಿಸ್ ನಗರದ ಅಚ್ಚುಕೂಟದಲ್ಲಿ ಪ್ರೂಫು ತಿದ್ದುತ್ತ ಜೀವನ ಸಾಗಿಸಿದ ಲೆವಿತನು ೧೫೩೮ರಲ್ಲಿ ಒಂದು ಸತ್ಯವನ್ನು ಧೈರ್ಯವಾಗಿ ಹೇಳಿದನು: ಸ್ವರಬಿಂದುಗಳು ಮೋಶೆಗೆ ದೇವರಿಂದ ಬಂದುವಲ್ಲ, ತಾಲ್ಮೂದಿನ ಕಾಲವು ಕಳೆದ ಮೇಲೆ ಪಂಡಿತರು ಕಲ್ಪಿಸಿದುವು.

ಮೇಲುನೋಟಕ್ಕೆ ಇದು ವೈಯಾಕರಣರ ಜಗಳ. ಆದರೆ ಶಾಸ್ತ್ರವಾಕ್ಯವೊಂದನ್ನೇ ಪ್ರಮಾಣವೆಂದು ನಂಬಿದ ಪ್ರೊಟ್ಟೆಸ್ಟಂಟರಿಗೆ ಇದು ಬುಡದ ಕಲ್ಲನ್ನೇ ಅಲುಗಿಸುವ ಮಾತಾಯಿತು. ಬಿಂದುಗಳು ಮನುಷ್ಯಕೃತವಾದರೆ ವಾಕ್ಯದ ಅರ್ಥವೂ ಮನುಷ್ಯರ ಊಹೆಯೇ ಆಗದೆ? ಬಾಸೆಲ್ಲಿನ ಬುಕ್ಸ್‌ಟಾರ್ಫರು, ತಂದೆಯೂ ಮಗನೂ, ಬಿಂದುಗಳ ಪ್ರಾಚೀನತೆಯನ್ನು ಸಮರ್ಥಿಸಿದರು. ಫ್ರಾನ್ಸಿನ ಲೂಯಿ ಕಾಪ್ಪೆಲನು ೧೬೨೪ರಲ್ಲಿ ಲೆವಿತನ ಪಕ್ಷವನ್ನು ಬಲವಾದ ಪ್ರಮಾಣಗಳಿಂದ ಸಾಧಿಸಿದನು. ೧೬೭೫ರಲ್ಲಿ ಸ್ವಿಸ್ ಸಭೆಗಳು ಬಿಂದುಗಳಿಗೂ ದೈವಪ್ರೇರಣೆಯುಂಟೆಂದು ನಿಬಂಧನೆಯನ್ನೇ ಮಾಡಿದುವು. ನಿಬಂಧನೆಯು ಕಾಲಕ್ರಮದಲ್ಲಿ ಬಿದ್ದುಹೋಯಿತು. ಲೆವಿತನ ಮಾತು ನಿಂತಿತು.

ಈ ವ್ಯಾಸಂಗದಲ್ಲಿ ದೋಷಗಳಿರಲಿಲ್ಲವೆಂದಲ್ಲ. ಹೀಬ್ರೂವೇ ಸಕಲ ಭಾಷೆಗಳ ತಾಯಿಯೆಂದು ನಂಬಿ, ಯುರೋಪಿನ ಪದಗಳಿಗೆಲ್ಲ ಅದರಲ್ಲಿ ಮೂಲವನ್ನು ಹುಡುಕುವ ವ್ಯರ್ಥಪ್ರಯತ್ನವು ಬಹುಕಾಲ ನಡೆಯಿತು. ಲ್ಯಾಟಿನ್ನಿನ ಚೌಕಟ್ಟನ್ನು ಮುರಿದ ಭಾಷೆಯನ್ನೇ ಮತ್ತೊಂದು ಚೌಕಟ್ಟನ್ನಾಗಿ ಮಾಡಿಕೊಂಡಂತಾಯಿತು. ೧೭೮೬ರಲ್ಲಿ ಕಲ್ಕತ್ತದಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಸಂಬಂಧವನ್ನು ಎತ್ತಿತೋರಿಸಿದ ಮೇಲೆ ಈ ಭ್ರಾಂತಿಯು ಕ್ರಮೇಣ ಕಳೆಯಿತು. ಆದರೆ ಪದವನ್ನು ಬೇರಿನವರೆಗೆ ಬಿಡಿಸುವ ಅಭ್ಯಾಸವು ಅಷ್ಟರಲ್ಲಿ ಮೂರು ಶತಮಾನಗಳಷ್ಟು ಹಳೆಯದಾಗಿದ್ದಿತು.

ಆ ಅಭ್ಯಾಸದ ಫಲವು ಕನ್ನಡನಾಡಿಗೂ ಬಂದಿತು. ಚಮ್ಮಾರನ ಕಸಬನ್ನು ಮಾಡುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂಗಳನ್ನು ಕಲಿತ ಇಂಗ್ಲೆಂಡಿನ ವಿಲಿಯಂ ಕೇರಿಯು ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ರಾಯ್ಖ್ಲಿನನು ಓದಿದ, ಎರಾಸ್ಮಸನು ಅಚ್ಚುಹಾಕಿಸಿದ, ಬುಕ್ಸ್‌ಟಾರ್ಫರು ವಾದಿಸಿದ ಬಾಸೆಲ್ ನಗರದಲ್ಲಿಯೇ ೧೮೧೫ರಲ್ಲಿ ಬಾಸೆಲ್ ಮಿಷನ್ ಸ್ಥಾಪಿತವಾಯಿತು. ಅದರ ಮೊದಲ ಉಪದೇಶಕರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅದರ ವಿದ್ಯಾಲಯದಲ್ಲಿ ಹೀಬ್ರೂ ಗ್ರೀಕ್‌ಗಳ ವ್ಯಾಸಂಗವು ನಡೆಯುತ್ತಿದ್ದಿತು. ಅಲ್ಲಿ ಶಿಕ್ಷಣವನ್ನು ಪಡೆದು ೧೮೫೩ರಲ್ಲಿ ಕನ್ನಡನಾಡಿಗೆ ಬಂದವನು ಫರ್ಡಿನೆಂಡ್ ಕಿಟ್ಟೆಲ್. ಬಾಲ್ಯದಲ್ಲಿಯೇ ಲ್ಯಾಟಿನ್, ಗ್ರೀಕ್, ಹೀಬ್ರೂಗಳಲ್ಲಿ ಪಳಗಿದ ಅವನು ಕನ್ನಡಕ್ಕೆ ಬಂದಾಗ ಲ್ಯಾಟಿನ್ನಿನ ಅಚ್ಚಿನಲ್ಲಿ ಅದನ್ನು ಎರಕಹೊಯ್ಯಲಿಲ್ಲ. ಈ ಭಾಷೆಯ ಸ್ವಂತ ವೈಯಾಕರಣನು ಯಾರೆಂದು ಮೊದಲು ಹುಡುಕಿದನು. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದನು, ೧೮೯೪ರಲ್ಲಿ ಮಹಾಕೋಶವನ್ನು ಹೊರತಂದನು, ೧೯೦೩ರಲ್ಲಿ, ತನ್ನ ಕೊನೆಯ ವರ್ಷದಲ್ಲಿ, ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ವ್ಯಾಕರಣವನ್ನು ಕೇಶಿರಾಜನನ್ನೇ ಮುಖ್ಯಾಧಾರವಾಗಿ ಹಿಡಿದು ಪ್ರಕಟಿಸಿದನು. ಕಿಮ್ಹಿಯನ್ನು ಮುಂದಿಟ್ಟುಕೊಂಡು ರಾಯ್ಖ್ಲಿನನು ನಡೆದ ದಾರಿಯೂ ಕೇಶಿರಾಜನನ್ನು ಮುಂದಿಟ್ಟುಕೊಂಡು ಕಿಟ್ಟೆಲನು ನಡೆದ ದಾರಿಯೂ ಒಂದೇ. ರಾಯ್ಖ್ಲಿನನು ಕೊನೆಯ ಪಾಠಗಳನ್ನು ಹೇಳಿದ ಟ್ಯೂಬಿಂಗನ್ ವಿಶ್ವವಿದ್ಯಾಲಯವೇ ೧೮೯೬ರಲ್ಲಿ ಕಿಟ್ಟೆಲನಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು.

ಪರಭಾಷೆಯ ವ್ಯಾಕರಣವನ್ನು ಕಲಿಯುವವನು ಆ ಭಾಷೆಯನ್ನಲ್ಲದೆ ತನ್ನ ಭಾಷೆಯನ್ನೂ ಹೊಸದಾಗಿ ಕಾಣುತ್ತಾನೆ. ಜೆರೋಮನು ಮರುಭೂಮಿಯಲ್ಲಿ ಅಕ್ಷರಗಳೊಡನೆ ಹೋರಾಡಿದುದೂ, ಬೆತ್ಲೆಹೇಮಿನ ಗುರುವು ಇರುಳಿನಲ್ಲಿ ನಡೆದುಬಂದುದೂ, ಲೋಆನ್ಸನೂ ಲೆವಿತನೂ ನಿಂದೆಗೆ ಅಂಜದೆ ಪಾಠ ಹೇಳಿದುದೂ ಬೈಬಲ್ಲಿನ ಓದಿಗಷ್ಟೇ ಉಪಕಾರವಾಗಿ ನಿಲ್ಲಲಿಲ್ಲ. ಆ ವಿದ್ಯೆಯನ್ನು ಕಲಿತವರ ಕೈಯಿಂದ ಕೇಶಿರಾಜನ ಗ್ರಂಥವು ಅಚ್ಚಾಗಿ ಕನ್ನಡಿಗರ ಮನೆಗಳನ್ನು ಸೇರಿತು. ಕಿಮ್ಹಿಯ ಪುಸ್ತಕಗಳು ಅಂದು ಜರ್ಮನಿಯಲ್ಲಿ ಬೂದಿಯಾಗಿದ್ದರೆ ಆ ಪರಂಪರೆಯ ಒಂದು ಕೊಂಡಿಯು ಕಳಚಿಹೋಗುತ್ತಿದ್ದಿತು. ಗ್ರಂಥವನ್ನು ಸುಡಬಾರದೆಂದು ಒಬ್ಬ ನ್ಯಾಯವಾದಿಯು ೧೫೧೦ರಲ್ಲಿ ಬರೆದ ಅಭಿಪ್ರಾಯಪತ್ರಕ್ಕೆ ದೂರದ ಕನ್ನಡವೂ ಸ್ವಲ್ಪಮಟ್ಟಿಗೆ ಋಣಿಯಾಗಿದೆ.